ಹೆಸರು ಬಿಡಿ, ಬಾಣಲೆ ಹುಡುಕಿ

ನಮಸ್ಕಾರ, ಎಲ್ರೂ ಚೆನ್ನಾಗಿದೀರಾ? ಇವತ್ತು ಬೇರೆ ಟಾಪಿಕ್ ಮಾಡ್ಬೇಕಿತ್ತು, ಸ್ಕ್ರಿಪ್ಟೂ ರೆಡಿ ಇತ್ತು, ಆದ್ರೆ ಹೋದ ಎಪಿಸೋಡ್ ಕೆಳಗೆ ಒಬ್ರು ಕಮೆಂಟ್ ಹಾಕಿದಾರೆ, ಓದಿದಾಗಿಂದ ಬೇರೆ ಏನೂ ತಲೆಗೆ ಹೋಗ್ತಿಲ್ಲ. "ವಿದೇಶಕ್ಕೆ ಹೋದ್ಮೇಲೆ ಕರಿದ ತಿಂಡಿ ಆಸೆ ಬಿಟ್ಬಿಡ್ಬೇಕು, ಅಲ್ಲಿ ಅದೆಲ್ಲ ಸಿಗಲ್ಲ." ಸಿಗಲ್ವಂತೆ! ಯಾರ್ರೀ ಹೇಳಿದ್ದು ಸಿಗಲ್ಲ ಅಂತ?

ನೀವು ಹುಡುಕೋ ರೀತೀನೇ ತಪ್ಪು. ಫೋನ್ ತೆಗೀತೀರ, ಚಿಕ್ಕಂದಿನಿಂದ ಗೊತ್ತಿರೋ ತಿಂಡಿ ಹೆಸರು ಮ್ಯಾಪಲ್ಲಿ ಟೈಪ್ ಮಾಡ್ತೀರ, ಏನೂ ಬರಲ್ಲ, ಬಂದ್ರೂ ಒಂದೂವರೆ ಗಂಟೆ ದೂರದ ಯಾವ್ದೋ ಅಂಗಡಿ. ನಾನೂ ಹೋಗಿದೀನಿ ಅಂಥ ಕಡೆ. ಬಸ್ಸು, ಟ್ರೈನು, ಮತ್ತೆ ಬಸ್ಸು, ಕೊನೆಗೆ ಫ್ರೀಜರಿಂದ ತೆಗೆದು ಮೈಕ್ರೋವೇವಲ್ಲಿಟ್ಟು ಕೊಟ್ರು. ಹೊರಗೆ ಚರ್ಮ ಇದ್ದಂಗಿದೆ, ಎಳೆದ್ರೆ ಹರಿಯಲ್ಲ, ಒಳಗೆ ನಡುಮಧ್ಯ ಇನ್ನೂ ತಣ್ಣಗಿದೆ. ಹೆಸರೊಂದು ಸರಿಯಾಗಿತ್ತು. ಅವತ್ತೇ ತೀರ್ಮಾನ ಮಾಡ್ದೆ, ಹೆಸರು ಹುಡುಕ್ಬಾರ್ದು, ಬಾಣಲೆ ಹುಡುಕ್ಬೇಕು.

ಯಾಕೆ ಅಂತೀರಾ? ಹಿಟ್ಟು 170ರಿಂದ 190 ಡಿಗ್ರಿ ಕಾದ ಎಣ್ಣೆಗೆ ಬಿದ್ದ ತಕ್ಷಣ ಅದರೊಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತೆ, ಆ ಚುರ್ರ್ ಅನ್ನೋ ಸದ್ದು ಅದೇ, ಮೇಲಿನ ಪದರ ಒಣಗಿ ಗರಿಗರಿ ಆಗುತ್ತೆ. ತೆಗೆದಿಟ್ಟು ಬಿಟ್ರೆ ಒಳಗಿನ ತೇವ ನಿಧಾನಕ್ಕೆ ಮೇಲಕ್ಕೆ ಬಂದು ಮೆತ್ತಗಾಗೋಗುತ್ತೆ. ನಿಮಗೆ ನೆನಪಾಗಿ ಬಾಯಲ್ಲಿ ನೀರೂರ್ತಿದೆಯಲ್ಲ, ಅದು ಆ ಮೊದಲ ಐದು ನಿಮಿಷದ ರುಚಿ. ಅದು ಪ್ಯಾಕೆಟ್ಟಲ್ಲಿ ಬರಲ್ಲ, ಬಾಣಲೆ ಪಕ್ಕ ನಿಂತ್ರೆ ಮಾತ್ರ ಸಿಗೋದು.

ಹೆಸರಿನ ಕತೆ ಕೇಳಿ. ಜ್ಯಾಮ್ ತುಂಬಿ ಕರಿದ ದುಂಡನೆ ಬನ್ನು, ಜರ್ಮನಿಯಲ್ಲಿ ತುಂಬಾ ಕಡೆ ಅದು ಬರ್ಲಿನರ್. ಆದ್ರೆ ಬರ್ಲಿನ್ನಲ್ಲೇ ಅದಕ್ಕೆ ಫಾನ್‌ಕೂಖನ್ ಅಂತಾರೆ, ಬವೇರಿಯಾಗೆ ಹೋದ್ರೆ ಕ್ರಾಫನ್. ದೇಶದ ಬೇರೆ ಕಡೆ ಫಾನ್‌ಕೂಖನ್ ಕೇಳಿದ್ರೆ ಪ್ಯಾನ್‌ಕೇಕ್ ತಂದಿಡ್ತಾರೆ. ಒಂದೇ ದೇಶದಲ್ಲೇ ಹಿಂಗೆ! ಚೀನಾದವರ ಯೋಟಿಯಾವ್, ಎರಡು ಹಿಟ್ಟಿನ ಪಟ್ಟಿ ಒಂದರ ಮೇಲೊಂದಿಟ್ಟು ಒತ್ತಿ ಕರೀತಾರಲ್ಲ ಅದು, ಥಾಯ್ಲೆಂಡಲ್ಲಿ ಪಾತೊಂಗ್‌ಕೋ ಆಗುತ್ತೆ, ಇಂಡೋನೇಷ್ಯಾದಲ್ಲಿ ಚಕ್ವೆ. ಹೆಸರು ಹಿಡ್ಕೊಂಡು ಕೂತವನು ಬೀದಿ ಮೂಲೇಲಿ ಅದೇ ತಿಂಡಿ ಉಬ್ಬುತ್ತಿದ್ರೂ ಮುಂದೆ ಹೋಗ್ಬಿಡ್ತಾನೆ. ಹೆಸರು ಬಿಡಿ ಅಂತ ಇದಕ್ಕೇ ಹೇಳೋದು.

ನನಗೆ ಸಿಕ್ಕಿದ್ದು ಹೇಗೆ ಗೊತ್ತಾ? ಶನಿವಾರದ ಸಂತೆ, ತರಕಾರಿಗೆ ಹೋಗಿದ್ದೆ, ವಾಸನೆ ಬಂತು, ಮೂಗು ಕರ್ಕೊಂಡೋದ ಕಡೆ ಹೋದೆ. ನೈಜೀರಿಯಾದ ಒಬ್ರು ಅಮ್ಮ, ಪಫ್-ಪಫ್ ಕರೀತಿದ್ರು. ಹುದುಗಿದ ಹಿಟ್ಟಿಗೆ ಕೈ ಹಾಕಿ ಮುಷ್ಟಿ ಬಿಗಿ ಮಾಡ್ತಾರೆ, ಹೆಬ್ಬೆರಳು ತೋರುಬೆರಳ ಸಂದಿಂದ ಒಂದು ಗುಂಡು ಉಬ್ಬಿ ಬರುತ್ತೆ, ಪುಟುಕ್ ಅಂತ ಎಣ್ಣೆಗೆ. ಮುಳುಗುತ್ತೆ, ಮೇಲೆ ಬರುತ್ತೆ, ಒಂದು ಮಗ್ಗಲು ಕೆಂಪಾದ ತಕ್ಷಣ ತಾನೇ ಹೊರಳ್ಕೊಳ್ಳುತ್ತೆ. ಕಾಗದದ ಪೊಟ್ಟಣದ ತಳ ಎಣ್ಣೆ ಕುಡಿದು ಗಾಜಿನಂಗಾಗಿತ್ತು. ಮೊದಲನೇದು ಬಾಯಿಗೆ ಹಾಕ್ಕೊಂಡು ಎಷ್ಟೋ ಹೊತ್ತು ಮಾತೇ ಬರ್ಲಿಲ್ಲ. "ಗೊತ್ತಾ ಇದು ನಿಮಗೆ?" ಅಂತ ಕೇಳಿದ್ರು. ಹೆಸರು ಗೊತ್ತಿಲ್ಲಮ್ಮ, ಕೈ ಗೊತ್ತು ಅಂದೆ.

ಆ ಕೈ ಎಲ್ಲಾ ಕಡೆ ಇದೆ ಕಣ್ರೀ! ಅರಬ್ಬಿಯಲ್ಲಿ ಲುಕ್ಮಾ ಅಂದ್ರೆ ತುತ್ತು, ಅದರಿಂದಾನೇ ಟರ್ಕಿಯ ಲೋಕ್ಮಾ, ಗ್ರೀಸಿನ ಲುಕುಮಾದೆಸ್, ಗಲ್ಫಿನ ಲುಕೈಮಾತ್, ಎಲ್ಲಾ ಹಿಟ್ಟಿನ ಗುಂಡು ಕರಿದಿದ್ದೇ. 1878ರಲ್ಲಿ ಪೋರ್ಚುಗಲ್ಲಿನ ಮಡೇರಾ ದ್ವೀಪದೋರು ಕಬ್ಬಿನ ತೋಟದ ಕೆಲಸಕ್ಕೆ ಅಂತ ಹವಾಯಿಗೆ ಹಡಗು ಹತ್ತಿದ್ರು. ಅಲ್ಲಿಗೆ ಹೋದ ಪೋರ್ಚುಗೀಸರ ಜೊತೆ ಹೋದ ಮಲಸಾಡ, ಹುದುಗಿದ ಹಿಟ್ಟು ಕರಿದು ಸಕ್ಕರೆ ಹೊರಳಿಸಿದ್ದು, ಇವತ್ತು ಹವಾಯಿಯದ್ದೇ ತಿಂಡಿ. ಊರು ಬಿಟ್ಟೋರು ಬಾಣಲೆ ಬಿಟ್ಟಿಲ್ಲ, ನೀವು ಬಿಡಿ ಅಂತೀರಲ್ಲ!

ಆಮೇಲೆ ಕಾಲ ನೋಡ್ಕೊಳ್ಳಿ. ನೆದರ್ಲೆಂಡಲ್ಲಿ ಒಣದ್ರಾಕ್ಷಿ ಹಾಕಿದ ಓಲಿಬೊಲ್ಲನ್ ಗಾಡಿಗಳು ಚಳಿಗಾಲಕ್ಕೆ ಬೀದಿಗಿಳಿಯೋದು, ಡಿಸೆಂಬರ್ 31ಕ್ಕೆ ಅಲ್ಲಿ ಕ್ಯೂ ನೋಡ್ಬೇಕು. ಪೋಲೆಂಡಲ್ಲಿ ಈಸ್ಟರ್ ಮುಂಚಿನ ಉಪವಾಸ ಶುರುವಾಗೋಕೆ ಮುಂಚಿನ ಗುರುವಾರ ಪೊಂಚ್ಕಿ, ಅಂದ್ರೆ ಅಲ್ಲಿನ ಜ್ಯಾಮ್ ತುಂಬಿದ ಕರಿದ ಬನ್ನು, ತಿನ್ನದೇ ಇರೋರೇ ಕಡಿಮೆ. ಜುಲೈನಲ್ಲಿ ಒಂದು ರೌಂಡ್ ಹೊಡೆದು "ಏನೂ ಸಿಗಲ್ಲ" ಅಂದ್ರೆ ಯಾರ ತಪ್ಪು?

ಈಗ ಕೆಲವರು ಬರ್ತಾರೆ, "ಅದು ನಮ್ಮ ತಿಂಡಿ ಥರಾನೇ ಇರಲ್ಲ ಸರ್". ಇರಲ್ಲ! ಪಕ್ಕದ ಮನೇದು ನಿಮ್ಮನೇ ಥರ ಇತ್ತಾ? "ಏರ್ ಫ್ರೈಯರಲ್ಲಿ ಮಾಡ್ಕೊಳ್ಳಿ." ಅದು ಬಿಸಿ ಗಾಳಿ ರೀ, ಅದರಲ್ಲಿ ಬೇಯಿಸಬಹುದು, ಕರಿಯೋಕಾಗಲ್ಲ. "ಆರೋಗ್ಯ?" ದಿನಾ ಮೂರು ಹೊತ್ತು ತಿನ್ನಿ ಅಂತ ನಾನೆಲ್ಲಿ ಹೇಳ್ದೆ? ಬಾಣಲೆ ಹುಡುಕಿ ಅಂದೆ, ಅಷ್ಟೇ, ಬಾಣಲೆ!

ಹೊಸಬರಿದ್ರೆ ಸಬ್‌ಸ್ಕ್ರೈಬ್ ಆಗಿ, ಬೆಲ್ ಒತ್ತಿ, ಆ ಕಮೆಂಟ್ ಪಿನ್ ಮಾಡಿದೀನಿ. ಅದರ ಕೆಳಗೆ ನೀವಿರೋ ಕಡೆ ಬಾಣಲೆ ಎಲ್ಲಿದೆ, ಎಷ್ಟೊತ್ತಿಗೆ ಎಣ್ಣೆ ಇಡ್ತಾರೆ, ಎರಡೂ ಬರೀರಿ. ಬರೀ ಹೆಸರು ಬರೆದ್ರೆ ನಾನು ಓದಲ್ಲ. ಸರಿ, ನಾನು ಹೊರಟೆ, ಇವತ್ತು ಶನಿವಾರ, ಹನ್ನೊಂದಕ್ಕೆ ಆ ಅಮ್ಮ ಮೊದಲನೇ ಒಬ್ಬೆ ತೆಗೀತಾರೆ.