ಮೂವತ್ತರ ಟ್ರೇ, ಹನ್ನೆರಡರ ಡಜನ್

(ರಾಷ್ಟ್ರೀಯ ಗಣಿತ ದಿನದಂದು ಪ್ರೌಢಶಾಲಾ ಶಿಕ್ಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಸ್ವಾಗತ ಮಾಡಿದವರು ನನ್ನನ್ನು ‘ಗಣಿತ ಲೋಕದ ದಿಗ್ಗಜ’ ಅಂದುಬಿಟ್ಟರು. ಮೂವತ್ತೊಂದು ವರ್ಷ ಸೀಮೆಸುಣ್ಣದ ಪುಡಿ ಕುಡಿದವನು ನಾನು, ಅಷ್ಟೇ. ದಿಗ್ಗಜ ಅನ್ನುವುದಿದ್ದರೆ ಅಗೋ ಅಲ್ಲಿ, ಹಾರ ಹಾಕಿಸಿಕೊಂಡು ಕೂತಿದ್ದಾರಲ್ಲ ರಾಮಾನುಜನ್, ಅವರು. ನನಗೆ ಕೊಟ್ಟಿದ್ದು ನಲವತ್ತು ನಿಮಿಷ. ಫ್ಯಾನಿನ ಗಾಳಿಗೆ ದೀಪ ಮೂರು ಸಲ ಆರಿದ್ದರಿಂದ ಹತ್ತು ನಿಮಿಷ ಆಗಲೇ ಹೋಯಿತು. ಚೀಟಿಯಲ್ಲಿ ಆರು ವಿಷಯ ಬರೆದುಕೊಂಡು ಬಂದಿದ್ದೇನೆ, ಎಷ್ಟಾಗುತ್ತದೋ ಅಷ್ಟು.

ಹೋದ ತಿಂಗಳು ನನ್ನ ಮೊಮ್ಮಗಳು ಒಂದು ಪಿಡಿಎಫ್ ತೋರಿಸಿದಳು. ವಾಟ್ಸಾಪಿನಲ್ಲಿ ಬಂದದ್ದು. 2ರಿಂದ 100ರವರೆಗೆ ಅಷ್ಟೂ ಸಂಖ್ಯೆಗಳ ಭಾಜ್ಯತೆಯ ನಿಯಮಗಳು, ಅಂದರೆ ಭಾಗಾಕಾರ ಮಾಡದೆಯೇ ಶೇಷವಿಲ್ಲದೆ ಭಾಗವಾಗುತ್ತದೋ ಇಲ್ಲವೋ ಹೇಳುವ ಉಪಾಯಗಳು! 72ಕ್ಕೆ ಒಂದು, 88ಕ್ಕೆ ಒಂದು. 91ಕ್ಕೆ ‘ಬಿಡಿ ಸ್ಥಾನದ ಅಂಕಿಯ ಒಂಬತ್ತು ಪಟ್ಟನ್ನು ಉಳಿದ ಸಂಖ್ಯೆಯಿಂದ ಕಳೆಯಿರಿ’ ಅಂತ ಇನ್ನೊಂದು. “ತಾತ, ಇಷ್ಟನ್ನೂ ಬಾಯಿಪಾಠ ಮಾಡ್ಬೇಕಾ?” ಅಂದಳು. ನಿಯಮ ತಪ್ಪೇನಲ್ಲ, 91ರದ್ದು ನಾನೇ ಮಾಡಿ ನೋಡಿದೆ, ಸರಿಯಾಗಿಯೇ ಇದೆ. ಆದರೂ ನನಗೆ ಸಿಟ್ಟು ಬಂತು. ತೊಂಬತ್ತೊಂಬತ್ತು ಬೀಗಕ್ಕೆ ತೊಂಬತ್ತೊಂಬತ್ತು ಬೀಗದಕೈ ಸೊಂಟಕ್ಕೆ ಕಟ್ಟಿಕೊಂಡು ಮಗು ಪರೀಕ್ಷೆಗೆ ಹೋಗಬೇಕೇ? ನನ್ನ ತಕರಾರು ಇಷ್ಟೇ. ಭಾಜಕ ದೊಡ್ಡದಾದರೆ ಎರಡೇ ಪ್ರಶ್ನೆ ಕೇಳಿ. ಇದನ್ನು ಒಂದಕ್ಕೊಂದು ನಂಟಿಲ್ಲದ ತುಂಡುಗಳಾಗಿ ಒಡೆಯುವುದು ಹೇಗೆ? ಆ ತುಂಡಿನಿಂದ ಹತ್ತನ್ನು ಭಾಗಿಸಿದರೆ ಎಷ್ಟು ಉಳಿಯುತ್ತದೆ? ಮಿಕ್ಕಿದ್ದನ್ನು ಮಗುವೇ ಕಟ್ಟಿಕೊಳ್ಳುತ್ತದೆ.

‘ನಂಟಿಲ್ಲದ’ ಅನ್ನುವ ಮಾತನ್ನು ನನಗೆ ಕಲಿಸಿದವನು ಏಳನೇ ತರಗತಿಯ ಒಬ್ಬ ಹುಡುಗ. ಈ ಕಥೆ ಕೇಳಿದವರು ಇಲ್ಲಿ ಕೆಲವರಿದ್ದೀರಿ, ಕ್ಷಮಿಸಿ, ಇನ್ನೊಮ್ಮೆ ಕೇಳಬೇಕಾಗುತ್ತದೆ.

ಕೆಲಸಕ್ಕೆ ಸೇರಿ ಎರಡೋ ಮೂರೋ ವರ್ಷ ಆಗಿರಬೇಕು. ಬೋರ್ಡಿನ ಮೇಲೆ ಗುಂಡಗೆ ಬರೆದೆ: ‘ಒಂದು ಸಂಖ್ಯೆ 12ರಿಂದಲೂ 30ರಿಂದಲೂ ಭಾಗವಾದರೆ 360ರಿಂದ ಭಾಗವಾಗುತ್ತದೆ.’ ಯಾವುದೋ ಗೈಡಿನಲ್ಲಿತ್ತು, ಯೋಚಿಸದೆ ಬರೆದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಕೈ ಎತ್ತಿದ. ಅವರಪ್ಪನದು ಬಸ್‌ಸ್ಟ್ಯಾಂಡ್ ಎದುರು ಮೊಟ್ಟೆ ಅಂಗಡಿ. ಹುಡುಗ ಬೆಳಗ್ಗೆ ಲೋಡ್ ಇಳಿಸಿಕೊಂಡು, ತಡವಾಗಿ ಸ್ಕೂಲಿಗೆ ಬಂದು, ಬಾಗಿಲಲ್ಲಿ ಬೈಸಿಕೊಂಡು ಒಳಗೆ ಬರುವವನು. ಪಾಠದಲ್ಲಿ ಅವನು ಕೈ ಎತ್ತಿದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ. ನೀರು ಕುಡಿಯೋಕೆ ಹೋಗಬೇಕೇನೋ ಅಂದುಕೊಂಡೆ.

“ಸಾರ್, ಟ್ರೇಲಿ ಮೂವತ್ತು ಮೊಟ್ಟೆ ಸಾರ್.”

“ಹೌದಪ್ಪ, ಏನೀಗ?”

“ಒಂದು ಬಾಕ್ಸಿಗೆ ಏಳು ಟ್ರೇ. ಇನ್ನೂರ ಹತ್ತು. ಒಂದು ಬಾಕ್ಸ್ ಒಡೆದು ಡಜನ್ ಲೆಕ್ಕದಲ್ಲಿ ಮಾರಿದ್ರೆ ಅರ್ಧ ಡಜನ್ ಉಳಿಯುತ್ತೆ. ಎರಡು ಬಾಕ್ಸ್ ಒಡೆದ್ರೆ ಏನೂ ಉಳಿಯಲ್ಲ. ಮೂವತ್ತೈದು ಡಜನ್, ಸರಿಯಾಗಿ. ಆದ್ರೆ ಅದು ಮುನ್ನೂರ ಅರವತ್ತರಿಂದ ಎಲ್ಲಿ ಹೋಗುತ್ತೆ ಸಾರ್?”

ಎರಡು ಬಾಕ್ಸ್ ಅಂದರೆ ಎಷ್ಟು? ಹೇಳಿ ಮಕ್ಕಳೇ. ಹಾ, 420! ನಗಬೇಡಿ, ನಾನು ಹೇಳಿಕೊಟ್ಟ ನಿಯಮಕ್ಕೆ ಸರಿಯಾದ ಸೆಕ್ಷನ್ನೇ ಬಿದ್ದಿತ್ತು. (ಈಗ ಆ ಸೆಕ್ಷನ್ನಿನ ನಂಬರು ಬದಲಾಗಿದೆ, ಆದರೆ ನಮ್ಮ ಬಾಯಲ್ಲಿ ವಂಚನೆ ಇನ್ನೂ ಫೋರ್ ಟ್ವೆಂಟಿಯೇ.) 420ನ್ನು 30ರಿಂದ ಭಾಗಿಸಿ, 14. 12ರಿಂದ ಭಾಗಿಸಿ, 35. 360ರಿಂದ ಭಾಗಿಸಿದರೆ 60 ಉಳಿಯುತ್ತದೆ.

ನಾನೇನು ಮಾಡಿದೆ ಅಂತೀರಿ? “ಕೂತ್ಕೋ, ಆಮೇಲೆ ಹೇಳ್ತೀನಿ” ಅಂದೆ. ಹೊಸ ಮೇಷ್ಟ್ರು, ಮರ್ಯಾದೆ ಪ್ರಶ್ನೆ. ಮನೆಗೆ ಹೋಗಿ ಕಾಗದದ ಮೇಲೆ ಬರೆದು ನೋಡಿದೆ. 12 ಅಂದರೆ 6 × 2. 30 ಅಂದರೆ 6 × 5. ಎರಡರ ಹೊಟ್ಟೆಯಲ್ಲೂ ಒಂದೇ 6 ಕೂತಿದೆ. ಅದನ್ನು ನಾನು ಎರಡು ಸಲ ಎಣಿಸಿದ್ದೆ. ಕಲ್ಯಾಣಮಂಟಪದ ಬಾಗಿಲಲ್ಲಿ ಗಂಡಿನ ಕಡೆಯವರನ್ನೂ ಹೆಣ್ಣಿನ ಕಡೆಯವರನ್ನೂ ಬೇರೆ ಬೇರೆ ಎಣಿಸಿ ಊಟದ ಎಲೆ ಹಾಕಿದರೆ, ಎರಡೂ ಕಡೆಗೆ ಬೇಕಾದ ನೆಂಟರ ಎಲೆ ಖಾಲಿ ಉಳಿಯುವುದಿಲ್ಲವೇ, ಹಾಗೆ. ಖಚಿತವಾಗಿ ಹೇಳಬಹುದಾದದ್ದು ಲಸಾಅ, ಅಂದರೆ ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, 60. 360 ಅಲ್ಲ. ಮಾರನೇ ದಿನ ಬೋರ್ಡಿನ ಮೇಲೆ ತಿದ್ದಿದೆ, ಅವನ ಹೆಸರು ಹೇಳಿಯೇ ತಿದ್ದಿದೆ. ಈಗ ಆ ಅಂಗಡಿ ಅವನದೇ. ನಾನು ಹೋದಾಗಲೆಲ್ಲ “ಅರವತ್ತು ಕೊಡ್ಲಾ ಸಾರ್, ಮುನ್ನೂರ ಅರವತ್ತು ಕೊಡ್ಲಾ?” ಅಂತ ಎಲ್ಲರೆದುರು ಕೇಳುತ್ತಾನೆ.

ಈಗ 72ಕ್ಕೆ ಬನ್ನಿ. 6 × 12 ಕೂಡ 72, 8 × 9 ಕೂಡ 72. ಮೊದಲನೆಯ ಜೋಡಿಗೆ ನಂಟಿದೆ, ಎರಡನೆಯದಕ್ಕೆ ಇಲ್ಲ. 84 ಅನ್ನುವ ಸಂಖ್ಯೆ 6ಕ್ಕೂ ಸೈ, 12ಕ್ಕೂ ಸೈ, 72ಕ್ಕೆ ಇಲ್ಲ. 8 ಮತ್ತು 9 ಹಾಗೆ ಮೋಸ ಮಾಡುವುದಿಲ್ಲ. 1 ಬಿಟ್ಟರೆ ಬೇರೆ ಯಾವುದೂ ಎರಡನ್ನೂ ಭಾಗಿಸದ ಇಂಥ ಜೋಡಿಗೆ ಪುಸ್ತಕದಲ್ಲಿ ‘ಸಹ ಅವಿಭಾಜ್ಯ’ ಅಂತಾರೆ. ಪದ ಭಾರವಾಯಿತು, ನಾನು ನಂಟಿಲ್ಲದವು ಅಂತಲೇ ಹೇಳುತ್ತೇನೆ.

ಒಮ್ಮೆ ನಮ್ಮ ಹೆಡ್‌ಮಾಸ್ತರರ ಕೋಣೆ ಸೋರಿ ಡೆಸ್ಕಿನ ಬಿಲ್ಲಿನ ಮೇಲೆ ನೀರು ಬಿದ್ದಿತ್ತು. 72 ಡೆಸ್ಕ್, ಒಂದೊಂದಕ್ಕೂ ಒಂದೇ ಬೆಲೆ, ಪೈಸೆ ಇಲ್ಲ. ಒಟ್ಟು ಮೊತ್ತ ಐದಂಕಿ: 9, ಆಮೇಲೆ ಶಾಯಿ ಕಲೆ, 3, 4, ಮತ್ತೆ ಕಲೆ. ಮರುದಿನ ಆಡಿಟ್. ಕ್ಲರ್ಕ್ ತಲೆಮೇಲೆ ಕೈ ಹೊತ್ತು ಕೂತಿದ್ದರು. 72ರಿಂದ ಭಾಗವಾಗಬೇಕಾದರೆ 8ರಿಂದ ಆಗಬೇಕು. 1000ವೇ 8ರಿಂದ ಭಾಗವಾಗುವುದರಿಂದ ಕೊನೆಯ ಮೂರಂಕಿ ನೋಡಿದರೆ ಸಾಕು. ಮುನ್ನೂರ ನಲವತ್ತರ ಸಾಲಿನಲ್ಲಿ 8ಕ್ಕೆ ಸಿಗುವುದು 344 ಒಂದೇ. ಕೊನೆಯ ಅಂಕಿ 4 ಆಯಿತು. ಇನ್ನು 9. ಅಂಕಿಗಳನ್ನು ಕೂಡಿ: 9, 3, 4, 4, ಒಟ್ಟು 20. ಮುಂದೆ 27 ಆಗಬೇಕು, ಏಳು ಬೇಕು. 97,344. ಡೆಸ್ಕಿಗೆ 1,352 ರೂಪಾಯಿ. ಕ್ಲರ್ಕ್ ಅಂಗಡಿಗೆ ಫೋನ್ ಮಾಡಿ ಕೇಳಿದರು, ಅದೇ. ಅವತ್ತು ನನಗೆ ಸಿಕ್ಕ ಕಾಫಿಯಂಥ ಕಾಫಿ ಆ ಶಾಲೆಯಲ್ಲಿ ಮತ್ತೆ ಸಿಗಲಿಲ್ಲ.

9ಕ್ಕೆ ಅಂಕಿಗಳನ್ನು ಯಾಕೆ ಕೂಡುತ್ತೇವೆ? ಇಲ್ಲಿಯೇ ನನ್ನ ಎರಡನೇ ಪ್ರಶ್ನೆ ಬರುವುದು. 9ರಿಂದ ಹತ್ತನ್ನು ಭಾಗಿಸಿದರೆ 1 ಉಳಿಯುತ್ತದೆ. ನೂರು, ಸಾವಿರ, ಲಕ್ಷ, ಎಲ್ಲವೂ 1ನ್ನೇ ಉಳಿಸುತ್ತವೆ. ಆದ್ದರಿಂದ ಸ್ಥಾನ ಯಾವುದಾದರೇನು, ಅಂಕಿ ಅಂಕಿಯೇ, ಕೂಡಿಬಿಡಿ. 11ಕ್ಕೆ ಹತ್ತು ಒಂದು ಕಡಿಮೆ, ಅಂದರೆ −1. ನೂರು +1, ಸಾವಿರ −1. ಅದಕ್ಕೇ ಒಂದು ಬಿಟ್ಟು ಒಂದು ಕೂಡಿ ಕಳೆಯುವುದು. ಇದನ್ನು ಹೇಳದೆ ನಿಯಮ ಮಾತ್ರ ಹೇಳಿದರೆ ಮಗುವಿಗೆ ಅದು ಮಂತ್ರವಾಗುತ್ತದೆ.

7ಕ್ಕೆ ಹತ್ತು 3 ಉಳಿಸುತ್ತದೆ, ನೂರು 2, ಸಾವಿರ 6. ಆರು ಅಂದರೆ ಏಳಕ್ಕೆ ಒಂದು ಕಡಿಮೆ, −1. 1001 = 7 × 11 × 13. ಹಾಗಾಗಿ ಬಲದಿಂದ ಮೂರು ಮೂರು ಅಂಕಿ ಕತ್ತರಿಸಿ, ಒಂದು ಬಿಟ್ಟು ಒಂದು ಗುಂಪನ್ನು ಕೂಡಿ ಕಳೆದರೆ 7, 11, 13 ಮೂರನ್ನೂ ಒಂದೇ ಏಟಿಗೆ ನೋಡಬಹುದು. 538461 ತೆಗೆದುಕೊಳ್ಳಿ. 538ರಿಂದ 461 ಕಳೆದರೆ 77. ಏಳಕ್ಕೂ ಹನ್ನೊಂದಕ್ಕೂ ಆಯಿತು, 13ಕ್ಕೆ ಇಲ್ಲ. ಅಂದಮೇಲೆ 77ರಿಂದ ಭಾಗವಾಗುತ್ತದೆ, 91ರಿಂದ ಇಲ್ಲ. ಮೊಮ್ಮಗಳ ಪಿಡಿಎಫ್‌ನಲ್ಲಿ ಇವೆರಡಕ್ಕೂ ಬೇರೆ ಬೇರೆ ಪುಟ. ಅಂದಹಾಗೆ, ಇಲ್ಲಿ ನಮ್ಮ ಲಕ್ಷದ ಅಲ್ಪವಿರಾಮ ಸಹಾಯಕ್ಕೆ ಬರುವುದಿಲ್ಲ. 5,38,461 ಅಂತ ಬರೆದರೆ ಕತ್ತರಿ ತಪ್ಪು ಜಾಗಕ್ಕೆ ಬೀಳುತ್ತದೆ. ಇದೊಂದು ಲೆಕ್ಕದ ಮಟ್ಟಿಗೆ ಮಿಲಿಯನ್ ಎಣಿಸುವವರ ಪದ್ಧತಿಗೆ ಸೈ ಅನ್ನಬೇಕು.

2019ರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದ 12 ವರ್ಷದ ಒಬ್ಬ ನೈಜೀರಿಯಾ ಮೂಲದ ಹುಡುಗ 7ಕ್ಕೆ ‘ಕೊನೆಯ ಅಂಕಿಯ ಐದು ಪಟ್ಟನ್ನು ಉಳಿದದ್ದಕ್ಕೆ ಕೂಡಿ’ ಅನ್ನುವ ನಿಯಮ ಕಂಡುಕೊಂಡು ಸುದ್ದಿಯಾದ. ನಾವು ಕಲಿತದ್ದು ‘ಎರಡು ಪಟ್ಟು ಕಳೆಯಿರಿ’. ಎರಡೂ ಒಂದೇ! ಏಳರ ಲೆಕ್ಕದಲ್ಲಿ ಐದು ಕೂಡುವುದೂ ಎರಡು ಕಳೆಯುವುದೂ ಬೇರೆಯಲ್ಲ. ಹಾಗಂತ ಆ ಹುಡುಗನದು ಸಣ್ಣದೇ? ಅಲ್ಲ. ಅವನು ಅದನ್ನು ತಾನೇ ಹುಡುಕಿದ. ನಮ್ಮ ಮಕ್ಕಳಿಗೆ ಹುಡುಕಲು ಏನು ಬಿಟ್ಟಿದ್ದೇವೆ? ಪಿಡಿಎಫ್!

ಈಗ ನಮ್ಮವನೊಬ್ಬನ ವಿಷಯ. ಅಮೋಘವರ್ಷ ನೃಪತುಂಗ ಅಂದರೆ ನಮಗೆ ತಟ್ಟನೆ ನೆನಪಾಗುವುದು ಕವಿರಾಜಮಾರ್ಗ. ಅದೇ ರಾಜನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಗುಣಾಕಾರದ ಭಾಗದಲ್ಲಿ ಕೊರಳ ಹಾರದಂಥ ಉತ್ತರ ಬರುವ ಲೆಕ್ಕ ಕೊಡುತ್ತಾನೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಒಂದನ್ನು ಬರೆಯುತ್ತೇನೆ: 27994681 × 441 = 12345654321. ಬಲಗಡೆ ಇರುವುದು 111111ರ ವರ್ಗ. 111111 ಅಂದರೆ 111 × 1001. ಮತ್ತೆ ಬಂತು ನೋಡಿ ಸಾವಿರದ ಒಂದು! ಪೂರ್ತಿ ಒಡೆದರೆ 3, 7, 11, 13, 37. ಮೂರು ಏಳಲಿ 21, ಅದರ ವರ್ಗ 441. ಮಿಕ್ಕ 11 × 13 × 37 ಅಂದರೆ 5291, ಅದರ ವರ್ಗವೇ ಆ 27994681. ಇದನ್ನು ಬಿಡಿಸಿದ ರಾತ್ರಿ ಮನೆಯಾಕೆಯನ್ನು ಎಬ್ಬಿಸಿ ತೋರಿಸಿದೆ. “ಚೆನ್ನಾಗಿದೆ, ಲೈಟ್ ಆರಿಸಿ” ಅಂದಳು.

ಚೀಟಿ ಬಂತು. ‘ಊಟ ಸಿದ್ಧವಿದೆ’ ಅಂತ ಬರೆದಿದ್ದಾರೆ, ಅರ್ಥ ಗೊತ್ತಾಯಿತು. 999 = 27 × 37, ಅದರಿಂದ 27ಕ್ಕೂ 37ಕ್ಕೂ ಮೂರು ಮೂರು ಅಂಕಿಯ ಗುಂಪನ್ನು ಬರೀ ಕೂಡಿದರೆ ಸಾಕು, ಯಾಕೆ ಅಂತ ನೀವೇ ನೋಡಿಕೊಳ್ಳಿ. ದೊಡ್ಡ ಸಂಖ್ಯೆಯನ್ನು ಒಡೆಯುವುದು ಯಾವಾಗಲೂ ಸುಲಭವಲ್ಲ, ಆ ಕಷ್ಟದ ಮೇಲೆಯೇ 1977ರ ಆರ್‌ಎಸ್‌ಎ ಗೂಢಲಿಪಿ ನಿಂತಿದೆ. ಇದಕ್ಕೂ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದೆ, ಹೋಗಲಿ. ಐಎಸ್‌ಬಿಎನ್ ಅನ್ನುವ ಪುಸ್ತಕಗಳ ಗುರುತಿನ ಸಂಖ್ಯೆಯ ವಿಷಯ ಕೂಡ ಬಿಟ್ಟೆ.

ಏನಮ್ಮ? ಮುಂದೆ ಬಂದು ಕೇಳು, ಮೈಕ್ ಆಮೇಲೆ ತೆಗೀರಿ. ‘72ಕ್ಕೆ 8 ಮತ್ತು 9 ಆಯಿತು, 49ಕ್ಕೆ?’ ಭೇಷ್. 7 ಮತ್ತು 7 ಅಂತ ಒಡೆದರೆ ನಂಟೇನು, ಅದೇ ಮನುಷ್ಯ ಎರಡು ಸಲ ಬಂದ ಹಾಗೆ. ಒಡೆಯುವ ಹಾಗಿಲ್ಲ, ಇಡಿಯಾಗಿಯೇ ನೋಡಬೇಕು. 49ಕ್ಕೆ ಹತ್ತು ಹತ್ತನ್ನೇ ಉಳಿಸುತ್ತದೆ, ಪ್ರಯೋಜನವಿಲ್ಲ. ನೂರು ಎಷ್ಟು ಉಳಿಸುತ್ತದೆ? ಎರಡು ನಲವತ್ತೊಂಬತ್ತಲಿ 98, ಉಳಿದದ್ದು 2. ಹಾಗಾದರೆ ಕೊನೆಯ ಎರಡಂಕಿ ಬಿಟ್ಟು ಉಳಿದದ್ದನ್ನು ಎರಡರಿಂದ ಗುಣಿಸಿ, ಆ ಎರಡಂಕಿಯನ್ನು ಕೂಡು. 2401ಕ್ಕೆ ಮಾಡು. ಇಪ್ಪತ್ನಾಲ್ಕರ ಎರಡು ಪಟ್ಟು ನಲವತ್ತೆಂಟು, ಅದಕ್ಕೆ ಸೊನ್ನೆ ಒಂದು ಸೇರಿದರೆ?

ಹಾ, ಅದೇ. ನಡೀರಿ, ಊಟಕ್ಕೆ.