ಎಣಿಸುವ ಮುಂಚೆ ಬೇರ್ಪಡಿಸಿ

ಸ್ನೇಹಿತರೇ, ಬೆಳಗ್ಗೆಯಿಂದ ಪರದೆಯ ಮೇಲೆ ಯಾವ ಭಾಷೆ ಯಾವುದಕ್ಕೆ ಎಷ್ಟು ಹತ್ತಿರ ಎನ್ನುವ ಶೇಕಡಾ ಕೋಷ್ಟಕಗಳನ್ನೇ ನೋಡುತ್ತಿದ್ದೇವೆ. ಕೋಷ್ಟಕಗಳ ಮೇಲೆ ನನಗೇನೂ ಸಿಟ್ಟಿಲ್ಲ. ಒಂದು ತಕರಾರು ಇದೆ, ಅಷ್ಟೆ.

ಸ್ವದೇಶ್ ಪಟ್ಟಿ ನಿಮಗೆ ಗೊತ್ತೇ ಇದೆ. (ಮಾರಿಸ್ ಸ್ವದೇಶ್ ಅಮೆರಿಕದ ಭಾಷಾವಿಜ್ಞಾನಿ. ನಮ್ಮ ಸ್ವದೇಶಿ ಚಳವಳಿಗೂ ಅವರಿಗೂ ಸಂಬಂಧವಿಲ್ಲ!) ಕೈ, ಕಲ್ಲು, ನೀರು ಎಂದು ನೂರೋ ಇನ್ನೂರೋ ಪದ ತೆಗೆದುಕೊಂಡು, ಎರಡು ಭಾಷೆಗಳಲ್ಲಿ ಒಂದೇ ಮೂಲದವು ಎಷ್ಟು ಅಂತ ಎಣಿಸುವುದು. ಶೇಕಡಾ ಸುಮಾರು 80 ದಾಟಿದರೆ ಒಳನುಡಿ, ಇಲ್ಲದಿದ್ದರೆ ಬೇರೆ ಭಾಷೆ ಎನ್ನುವುದು ರೂಢಿ. ಬೋರ್ನಿಯೋ ದ್ವೀಪದ ಬರೀತೊ ನದಿಯ ಸುತ್ತಲಿನ ದಯಾಕ್ ನುಡಿಗಳನ್ನು, ಅಂದರೆ ಅಲ್ಲಿನ ಮೂಲನಿವಾಸಿಗಳ ಮಾತುಗಳನ್ನು, ಆಲ್ಫ್ರೆಡ್ ಹಡ್ಸನ್ 1967ರಲ್ಲಿ ವಿಂಗಡಿಸಿದರು. ಭಾಷೆಯೋ ಒಳನುಡಿಯೋ ಎಂಬ ಜಗಳವೇ ಬೇಡ ಅಂತ ಎಲ್ಲಕ್ಕೂ 'ಐಸೊಲೆಕ್ಟ್' ಅಂದರು. ಜಾಣರು!

ಮಾಅನ್ಯಾನ್, ನ್ಗಾಜು ಎರಡೂ ದಯಾಕ್ ನುಡಿಗಳೇ, ಬೋರ್ನಿಯೋದ ಮಧ್ಯ ಕಾಲಿಮಂತಾನ್‌ನವು, ನೆರೆಹೊರೆ. ಮಾಅನ್ಯಾನ್‌ಗೆ ಹತ್ತಿರದ ನೆಂಟ ಯಾರು? ನ್ಗಾಜು ಅಂತೀರಿ, ಅಲ್ವಾ? ಅಲ್ಲ, ಮಡಗಾಸ್ಕರ್‌ನ ಮಲಗಾಸಿ! ನಡುವೆ ಇಡೀ ಹಿಂದೂ ಮಹಾಸಾಗರ ಇದೆ. ಮಡಗಾಸ್ಕರ್‌ನಲ್ಲಿದ್ದ ನಾರ್ವೆಯ ಮಿಷನರಿ ಒಟ್ಟೊ ಡಾಲ್ ಇದನ್ನು 1951ರಲ್ಲಿ ತೋರಿಸಿಕೊಟ್ಟರು. ನನಗೆ ಬಲು ಇಷ್ಟದ ಕತೆ, ಸ್ವಲ್ಪ ಎಳೆಯುತ್ತೇನೆ. ಐದಕ್ಕೆ ನ್ಗಾಜುವಿನಲ್ಲಿ ಲಿಮೆ. ಮಾಅನ್ಯಾನ್‌ನಲ್ಲಿ ದಿಮೆ, ಮಲಗಾಸಿಯಲ್ಲಿ ದಿಮಿ. ಒಂದು ಪದ ಆಕಸ್ಮಿಕ ಅನ್ನಬಹುದು. ಚರ್ಮಕ್ಕೆ ಇದೇ ಕುಟುಂಬದ ಮಲಯ ಭಾಷೆಯಲ್ಲಿ ಕುಲಿತ್. ಮಾಅನ್ಯಾನರಲ್ಲಿ ಕುದಿತ್, ಮಲಗಾಸಿಗಳಲ್ಲಿ ಹುದಿಟ್ರ. ಕೊಳ್ಳುವುದಕ್ಕೆ ಮಲಯದಲ್ಲಿ ಬೆಲಿ, ಇಬ್ಬರಲ್ಲೂ ವಿದಿ. 'ಇ' ಸ್ವರದ ಹಿಂದೆ ಇದ್ದ ಹಳೆಯ 'ಲ' ಎರಡೂ ಕಡೆ 'ದ' ಆಗಿದೆ. ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಬೋರ್ನಿಯೋದಿಂದ ಮಡಗಾಸ್ಕರ್ ಕಡೆಗೆ ದೋಣಿ ಹತ್ತಿದವರ ನಾಲಿಗೆಯಲ್ಲಿ ಅದು ಹಾಗೇ ಉಳಿದಿದೆ ನೋಡಿ.

ಇಂಥ ಸಾಲುಸಾಲು ಹೊಂದಾಣಿಕೆಯೇ ಸಾಕ್ಷಿ. ಶೇಕಡಾ ಲೆಕ್ಕಕ್ಕೆ ಈ ಕಣ್ಣಿಲ್ಲ. ದಯಾಕ್ ನುಡಿಗಳಿಗೆ ಮಲಯದಿಂದ ಬಂದ ಎರವಲು ಪದಗಳನ್ನೂ ಸೇರಿಸಿ ಎಣಿಸಿದರೆ ಯಾರು ಬೇಕಾದರೂ ನೆಂಟರಾಗುತ್ತಾರೆ. ಪುಸ್ತಕ, ಸಮಯ ಎಂದು ಎಣಿಸಿ ಕನ್ನಡವನ್ನು ಹಿಂದಿಯ ತಂಗಿ ಅಂದರೆ ನೀವು ಸುಮ್ನೆ ಇರ್ತೀರಾ? ಮೊದಲು ಬೇರ್ಪಡಿಸಿ, ಆಮೇಲೆ ಎಣಿಸಿ.

ಕತೆ ಕೇಳಿಸಿ, ಪ್ರಶ್ನೆ ಕೇಳಿ, ಎಷ್ಟು ಅರ್ಥವಾಯಿತು ಎಂದು ಅಳೆಯುವ ವಿಧಾನವೂ ಇದೆ. ಅಲ್ಲೂ ಇದೇ ಪಾಡು. ನ್ಗಾಜು ಆ ಸೀಮೆಯ ವ್ಯವಹಾರದ ಭಾಷೆ. 1858ರಷ್ಟು ಹಿಂದೆಯೇ ಅದರಲ್ಲಿ ಬೈಬಲ್ ಬಂದಿತ್ತು. ಸಂತೆಯಲ್ಲಿ, ಚರ್ಚಿನಲ್ಲಿ ಕೇಳಿ ಕೇಳಿ ಬೇರೆ ದಯಾಕರು ಅದನ್ನು ಕಲಿತಿರುತ್ತಾರೆ. ನ್ಗಾಜು ಮಂದಿಗೆ ಅವರ ಮಾತು ಕಲಿಯುವ ಗರಜು ಅಷ್ಟಿಲ್ಲ. ಹಾಗಾಗಿ ಅಂಕ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಅದು ಅಳೆದದ್ದು ನೆಂಟಸ್ತನವನ್ನೋ ಪರಿಚಯವನ್ನೋ?

ಚೀಟಿ ಬಂತು, ಎರಡೇ ನಿಮಿಷವಂತೆ. ಬೋರ್ನಿಯೋದ ಇನ್ನೂ ಕೆಲವು ನುಡಿಗಳಿದ್ದವು. ಬಿದಾಯುಹ್ ಬಿಟ್ಟೆ, ಕಾಯಾನ್ ಬಿಟ್ಟೆ. ಇಬಾನ್ ಮಾತ್ರ ಹೇಳಿಬಿಡುತ್ತೇನೆ. ಮಲಯದ ಮಕಾನ್ (ತಿನ್ನು), ಜಾಲಾನ್ (ದಾರಿ) ಅಲ್ಲಿ ಮಕಾಯ್, ಜಾಲಾಯ್. ಮತ್ತೆ ಅದೇ ಸಾಲು ಹೊಂದಾಣಿಕೆ. ಇವು ಎರವಲಲ್ಲ, ತವರಿನವು. ಉಳಿದದ್ದನ್ನು ಊಟದ ಹೊತ್ತಿಗೆ ಕೇಳಿ, ಅಲ್ಲಿ ಚೀಟಿ ಬರುವುದಿಲ್ಲ.