ಪುಸ್ತಕದ ಪಕ್ಕ ಒಂದು ಬೋರ್ಡ್

ಕೇಳುಗರಿಗೆಲ್ಲ ನಮಸ್ಕಾರ.

ಪುಟ್ಟ ಮಕ್ಕಳಿಗೆ ಪುಸ್ತಕ ಇಟ್ಟುಕೊಂಡು ಚೆಸ್ ಕಲಿಸೋದು ಹೇಗೆ ಅಂತ ಮಾತಾಡಲು ಕರೆದಿದ್ದಾರೆ. ನನ್ನದು ಒಂದೇ ಮಾತು. ಪುಸ್ತಕ ತೆರೆಯುವ ಮೊದಲು ಪಕ್ಕದಲ್ಲಿ ಬೋರ್ಡ್ ಇಡಿ, ಕಾಯಿಯನ್ನು ಮಗುವಿನ ಕೈಗೆ ಕೊಡಿ. ಉಳಿದ ಹೊತ್ತೆಲ್ಲ ಇದನ್ನೇ ತಿರುಗಿಸಿ ಮುರುಗಿಸಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

ಒಬ್ಬರು ತಂದೆ ಏಳು ವರ್ಷದ ಮಗಳನ್ನು ನನ್ನ ಹತ್ತಿರ ಕರೆದುಕೊಂಡು ಬಂದಿದ್ದರು. "ಸಾರ್, ಇವಳು ಪುಸ್ತಕ ಪೂರ್ತಿ ಓದಿ ಮುಗಿಸಿದ್ದಾಳೆ" ಅಂದರು. ಹುಡುಗಿ ಮಗ್ಗಿ ಒಪ್ಪಿಸುವ ಹಾಗೆ ಶುರು ಮಾಡಿದಳು. ಮನೆ 64, ಕಾಯಿ 32. ಸೈನಿಕ ನೇರ ನಡೀತಾನೆ, ಓರೆಯಾಗಿ ಹೊಡೀತಾನೆ. ಕುದುರೆ ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ. ಒಂದೂ ತಪ್ಪಿಲ್ಲ.

"ಸರಿ ಪುಟ್ಟಿ, ಕುದುರೆ ಬೋರ್ಡಿನ ಮೂಲೆಯಲ್ಲಿ ನಿಂತಿದೆ. ಎಷ್ಟು ಮನೆಗೆ ಹಾರಬಹುದು?"

"ಎಂಟು!"

ತಂದೆ ನನ್ನ ಕಡೆ ನೋಡಿ ನಕ್ಕರು. ಪಾಪ, ಅವರೂ ಎಂಟು ಅಂತಲೇ ಅಂದುಕೊಂಡಿದ್ದರು. ಪುಸ್ತಕದ ಚಿತ್ರದಲ್ಲಿ ಕುದುರೆ ಬೋರ್ಡಿನ ನಡುವೆ ಇತ್ತು, ಸುತ್ತ ಎಂಟು ಚುಕ್ಕಿ. ಮಗು ಆ ಚುಕ್ಕಿಗಳನ್ನು ಬಾಯಿಪಾಠ ಮಾಡಿತ್ತು. ನಾನು ಏನೂ ಹೇಳದೆ ಮರದ ಕುದುರೆಯನ್ನು ಮೂಲೆಯಲ್ಲಿಟ್ಟೆ. ಅವಳು ತೋರುಬೆರಳಿಟ್ಟು ಎಣಿಸಿದಳು. ಒಂದು. ಎರಡು. ಮೂರನೆಯದಕ್ಕೆ ಬೆರಳು ಬೋರ್ಡ್ ದಾಟಿ ಮೇಜಿನ ಮೇಲೆ ಹೋಗಿ ನಿಂತಿತು. ಮೇಜು ನೋಡಿದಳು, ನನ್ನ ಮುಖ ನೋಡಿದಳು. "ಅಯ್ಯೋ, ಇಲ್ಲಿ ಮನೆಯೇ ಇಲ್ಲ!"

ಆಮೇಲೆ ಅವಳನ್ನು ಹಿಡಿಯೋರೇ ಇಲ್ಲ. ಕುದುರೆಯನ್ನು ಅಂಚಿನಲ್ಲೇ ಒಂದೊಂದೇ ಮನೆ ಸರಿಸಿ ಎಣಿಸಿದಳು. ಮೂಲೆಯಲ್ಲಿ ಎರಡು, ಪಕ್ಕದ ಮನೆಯಲ್ಲಿ ಮೂರು, ಅದರಾಚೆ ನಾಲ್ಕು. "ಕುದುರೆಗೆ ಮೂಲೆ ಆಗಲ್ಲ ಅಲ್ವಾ ಸಾರ್?" ಅಂದಳು. ಇದು ದೊಡ್ಡ ಆಟಗಾರರೂ ಮರೆಯಬಾರದ ಪಾಠ, ಅವಳೇ ಕಂಡುಕೊಂಡಳು. ಅಷ್ಟರಲ್ಲಿ ತಂದೆ "ಮುಂದಿನ ಪುಟ ನೋಡಮ್ಮ" ಅಂದರು. ನಾನು ಅವರ ಕೈಯಿಂದ ಪುಸ್ತಕ ತೆಗೆದು ಮುಚ್ಚಿಟ್ಟೆ. ಸ್ವಲ್ಪ ಒರಟಾಯ್ತೇನೋ.

ಪುಸ್ತಕ ಬೇಡ ಅಂತಲ್ಲ. ಒಳ್ಳೆಯ ಪುಸ್ತಕ ಒಂದು ಪುಟಕ್ಕೆ ಒಂದೇ ವಿಷಯ ಹೇಳುತ್ತದೆ. ನಾವು ದೊಡ್ಡವರಿಗೆ ಅಷ್ಟು ತಾಳ್ಮೆ ಇಲ್ಲ. ಇವತ್ತಿನ ಪುಟದಲ್ಲಿ ಆನೆ ಇದ್ದರೆ ಬೋರ್ಡಿನ ಮೇಲೂ ಆನೆ ಒಂದೇ ಇರಲಿ. ಇನ್ನೊಂದು ಗಮನಿಸಿ, ನಾವು ಆನೆ ಅಂತೀವಿ, ಚಿತ್ರದಲ್ಲಿ ಇರೋದು ಕೋಟೆಯ ಬುರುಜು. ಒಂಟೆ ಅಂತೀವಿ, ನೋಡಿದರೆ ಚೂಪು ಟೋಪಿ. "ಸೊಂಡಿಲು ಎಲ್ಲಿ?" ಅಂತ ಮಗು ಕೇಳಿಯೇ ಕೇಳುತ್ತದೆ. ಕಾಯಿಯನ್ನು ಕೈಗೆ ಕೊಟ್ಟು, ಚಿತ್ರದ ಪಕ್ಕ ಇಡಿಸಿ. ಎರಡೂ ಒಂದೇ ಅಂತ ಗೊತ್ತಾಗಲಿ.

ಸ್ಟುಡಿಯೋ ಗಾಜಿನ ಆಚೆಯಿಂದ ಸಮಯ ಆಯ್ತು ಅಂತ ಆಗಲೇ ಕೈ ತೋರಿಸುತ್ತಿದ್ದಾರೆ. ಕುದುರೆ ಕಥೆಯೇ ಜಾಸ್ತಿ ಆಯ್ತು. ಬೇಗ ಬೇಗ ಹೇಳ್ತೀನಿ. ಪುಸ್ತಕದ ಚಿತ್ರದಲ್ಲಿ ಬಿಳಿ ಕಾಯಿಗಳು ಸಾಮಾನ್ಯವಾಗಿ ಕೆಳಗಡೆ ಇರುತ್ತವೆ, ಹಾಗಾಗಿ ಮಗುವನ್ನು ಬಿಳಿ ಕಡೆಗೇ ಕೂರಿಸಿ. ಬಲಗೈ ಮೂಲೆಯ ಮನೆ ಬಿಳಿಯದಾಗಿರಲಿ. ಮೊದಲ ಆಟ ಬರೀ ಸೈನಿಕರದ್ದು, ಎಂಟಕ್ಕೆ ಎಂಟು, ಯಾರು ಮೊದಲು ಆಚೆ ದಡ ಮುಟ್ಟುತ್ತಾರೋ ಅವರು ಗೆದ್ದರು. ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸೋ ಕ್ಯಾಸ್ಲಿಂಗ್ ಎಲ್ಲ ಸುಮ್ನೆ ಮೊದಲೇ ತುರುಕಬೇಡಿ. ಚೆಕ್ ಅಂದರೆ ರಾಜನ ಮೇಲೆ ದಾಳಿ, ಅದರಿಂದ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಿದ್ದರೆ ಚೆಕ್‌ಮೇಟ್, ಆಟ ಮುಗೀತು. ಚೆಕ್‌ಮೇಟ್ ಪುಟ ಬಂದಾಗ ಸ್ಟೇಲ್‌ಮೇಟನ್ನೂ ಬೋರ್ಡಿನ ಮೇಲೇ ತೋರಿಸಿ. ರಾಜನಿಗೆ ಚೆಕ್ ಇಲ್ಲ, ಆದರೆ ಆಡಲು ಒಂದು ನಡೆಯೂ ಇಲ್ಲ, ಆಟ ಡ್ರಾ. ಇದನ್ನು ಬಾಯಲ್ಲಿ ಹೇಳಿದರೆ ಯಾವ ಮಗುವೂ ನಂಬಲ್ಲ.

ಹೋಗುವ ಮುಂಚೆ ಇವತ್ತು ಸಂಜೆಗೆ ಒಂದು ಕೆಲಸ. ಖಾಲಿ ಬೋರ್ಡಿನ ಒಂದು ಮೂಲೆಯಲ್ಲಿ ಕುದುರೆ ಇಡಿ. ಓರೆಯಾಗಿ ಎದುರಿರುವ ಮೂಲೆಗೆ ಎಷ್ಟು ನಡೆಯಲ್ಲಿ ಹೋಗುತ್ತೆ ಅಂತ ಮಗುವನ್ನು ಕೇಳಿ. ಕಡಿಮೆ ಅಂದರೆ ಆರು. ಅದನ್ನು ಮಾತ್ರ ನೀವು ಹೇಳಿಬಿಡಬೇಡಿ. ನಮಸ್ಕಾರ.